ಎರಡು ಪಾಲಾದ ಎಂಜಿನ್

ಹಲ್ಲಿನ ಡಾಕ್ಟರು ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋ ನೋಡುತ್ತಿರಲಿಲ್ಲ, ಕಪಾಟಿನ ಪಿಂಗಾಣಿ ನೋಡುತ್ತಿರಲಿಲ್ಲ. ಅವರ ಕಣ್ಣು ನೆಟ್ಟಗೆ ಮೆಟ್ಟಿಲ ಕೆಳಗೆ, ಹಿತ್ತಿಲ ಮೂಲೆಗೆ, ಬೇಡದ್ದನ್ನೆಲ್ಲ ತುರುಕುವ ಜಾಗಕ್ಕೆ ಹೋಗುತ್ತಿತ್ತು. ಅವರ ಹೆಂಡತಿ ಇದಕ್ಕೆ ನಾಚಿಕೊಂಡು ನಾಚಿಕೊಂಡು, ಕೊನೆಗೆ ನಾಚುವುದನ್ನೇ ಬಿಟ್ಟುಬಿಟ್ಟಿದ್ದರು.

ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯ ಯಜಮಾನರು ಬೊಚ್ಚು ಬಾಯಿಯಲ್ಲಿ ಬೀದಿಗಿಳಿಯಲು ಒಪ್ಪದ ಕಾರಣ, ಕಟ್ಟುಹಲ್ಲಿನ ಅಳತೆ ತೆಗೆಯಲು ಡಾಕ್ಟರೇ ಅವರ ಮನೆಗೆ ಹೋಗಬೇಕಾಯಿತು. ಯಜಮಾನರು ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದರು. ಡಾಕ್ಟರು ಬಾಯೊಳಗೆ ಅಳತೆಯ ಮೇಣ ಒತ್ತಿಹಿಡಿದು ನೋಡುತ್ತಿದ್ದದ್ದು ಮಾತ್ರ ಅವರ ಭುಜದಾಚೆಗೆ, ಹಿತ್ತಿಲ ಮೆಟ್ಟಿಲ ಕೆಳಗಿದ್ದ ಹೂಕುಂಡವನ್ನು. ಹೂಕುಂಡ ಎರಕದ ಕಬ್ಬಿಣದ್ದು. ಅದಕ್ಕೆ ಸಿಲಿಂಡರ್ ಇತ್ತು.

"ಅದೇನ್ರೀ ಅದು, ಗಿಡ ನೆಟ್ಟಿರೋದು?"

"ಆಂ," ಎಂದರು ಯಜಮಾನರು. ಬಾಯಿ ತುಂಬ ಮೇಣವಿದ್ದಾಗ ಯಾರೇ ಆದರೂ ಅಷ್ಟೇ ಹೇಳಲು ಸಾಧ್ಯ. ಮೂವತ್ತೈದು ವರ್ಷ ಇಂಥ ಬಾಯಿಗಳಿಗೇ ಪ್ರಶ್ನೆ ಕೇಳುತ್ತ ಬಂದಿದ್ದ ಡಾಕ್ಟರು ಅದನ್ನು ಉತ್ತರವೆಂದೇ ತಿಳಿದು, ಮೇಣವನ್ನು ಅವರ ಬಾಯಲ್ಲೇ ಬಿಟ್ಟು, ಮೆಟ್ಟಿಲ ಕೆಳಗೆ ಹೋಗಿ ಮಂಡಿಯೂರಿದರು.

ಅದು ಹಳೆಯ ಪೆಟ್ರೋಲ್ ಎಂಜಿನ್ನಿನ ಮೈ. ಈ ಜಾತಿಯ ಎಂಜಿನ್ನುಗಳು ಈಗಿನವುಗಳಂತೆ ಪ್ರತಿ ಸರದಿಗೂ ಬೆಂಕಿ ಹೊತ್ತಿಸುವುದಿಲ್ಲ. ಒಂದು ಸಲ ಢಂ ಎಂದು ಸಿಡಿದರೆ ಆ ರಭಸಕ್ಕೇ ದೊಡ್ಡ ಎರಡು ಗಾಲಿಗಳು ತಿರುಗುತ್ತಿರುತ್ತವೆ. ವೇಗ ಸಾಕಷ್ಟಿದೆ ಅನ್ನುವವರೆಗೆ ಎಂಜಿನ್ನು ಫಸ್, ಫಸ್ ಎಂದು ಉಸಿರಾಡಿಕೊಂಡು ಸುಮ್ಮನಿರುತ್ತದೆ. ವೇಗ ಇಳಿಯಿತೋ, ಇನ್ನೊಂದು ಢಂ. ಬೇಕಾದಷ್ಟೇ ದುಡಿದು ಉಳಿದ ಹೊತ್ತು ಮೊದಲಿನ ದುಡಿಮೆಯ ಮೇಲೆ ಕಾಲ ತಳ್ಳುವ ಈ ಯಂತ್ರವನ್ನು ಗಂಡಸರೇ ಕಂಡುಹಿಡಿದಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ ಎಂದು ಡಾಕ್ಟರ ಹೆಂಡತಿ ಹೇಳುತ್ತಿದ್ದರು. ಇಂಥ ನಾಲ್ಕು ಎಂಜಿನ್ನುಗಳು ಆಗಲೇ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿದ್ದುದರಿಂದ ಅವರಿಗೆ ಹಾಗೆ ಹೇಳುವ ಹಕ್ಕೂ ಇತ್ತು.

ಆದರೆ ಆ ನಾಲ್ಕೂ ಹುಡುಕಿದರೆ ಸಿಗುವಂಥವು. ಇದು ಹಾಗಲ್ಲ. ಇದನ್ನು ಮಾಡಿದ ಕಾರ್ಖಾನೆ ಕೆಲವೇ ಎಂಜಿನ್ನು ಮಾಡಿ ಬಾಗಿಲು ಹಾಕಿತ್ತು. ಬೇರೆಯವರು ಎಂಜಿನ್ನು ತಣ್ಣಗಿಡುವ ನೀರಿನ ತೊಟ್ಟಿಯನ್ನು ಚೌಕವಾಗಿ ಮಾಡಿದರೆ ಇವರು ದುಂಡಗೆ ಮಾಡಿದ್ದರು. ಆ ದುಂಡು ತೊಟ್ಟಿಯನ್ನು ಡಾಕ್ಟರು ಚಿತ್ರದಲ್ಲಷ್ಟೇ ನೋಡಿದ್ದರು. ಎಲ್ಲೋ ಇನ್ನೆರಡು ಉಳಿದಿವೆಯೆಂದೂ, ಎರಡಕ್ಕೂ ಬೇರೆ ಎಂಜಿನ್ನಿನ ಗಾಲಿ ಹಾಕಿದ್ದಾರೆಂದೂ ಓದಿದ್ದರು. ಈಗ ಮೂರನೆಯದು ಕಣ್ಣೆದುರಿಗಿತ್ತು. ಅದಕ್ಕೆ ಗಾಲಿಗಳೇ ಇರಲಿಲ್ಲ. ದುಂಡು ತೊಟ್ಟಿಯಲ್ಲಿ ಮಣ್ಣು ತುಂಬಿ ಗುಲಾಬಿ ಹಾಕಿದ್ದರು, ಅದು ಚೆನ್ನಾಗಿಯೇ ಬಂದಿತ್ತು.

"ಗಾಲಿ ಎಲ್ಲಿ?" ಎಂದು ಡಾಕ್ಟರು ಕೂಗಿದರು.

ಯಜಮಾನರು ಮೇಣವನ್ನು ಉಗುಳಿದರು. ಅಳತೆ ಹಾಳಾಯಿತು.

"ಗಾಲಿ ವಿಷಯ ನನ್ನ ಹತ್ರ ಎತ್ತಬೇಡಿ," ಎಂದರು. "ಅದು ಗೋಡೆ ಆಚೆಗಿದೆ."

ಯಜಮಾನರಿಗೂ ಅವರ ತಮ್ಮನಿಗೂ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು, ಈ ಎಂಜಿನ್ನಿನಿಂದಲೇ. ಅವರು ತೀರಿಕೊಂಡ ಮೇಲೆ ಪಾಲಾಯಿತು. ಮನೆಯ ನಡುವೆ ಗೋಡೆ ಎದ್ದಿತು, ಪಾತ್ರೆಗಳು ಜೋಡಿ ಮುರಿದುಕೊಂಡು ಆಚೆಗೊಂದು ಈಚೆಗೊಂದು ಹೋದವು, ಕೊನೆಗೆ ಎಂಜಿನ್ನು ಉಳಿಯಿತು. ನನಗೆ ಬೇಡ, ಆದರೆ ಅವನಿಗೂ ಸಿಗಕೂಡದು ಎಂದು ಇಬ್ಬರೂ ಹಟ ಹಿಡಿದರು. ಪಂಚಾಯಿತಿಗೆಂದು ಬಂದಿದ್ದ ಸೋದರಮಾವ ಬೆಳಗಿನಿಂದ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡಿದ್ದರು. ತಲೆ ಕೆಟ್ಟುಹೋಗಿ, "ಹಾಗಾದ್ರೆ ಮುರಿದು ಹಂಚ್ಕೊಳ್ರೋ, ಮಹಾನುಭಾವ್ರೇ!" ಎಂದು ಎದ್ದು ಹೋದರು. ಅಣ್ಣತಮ್ಮಂದಿರು ಹುಟ್ಟಿದಾಗಿನಿಂದ ಮಾವನ ಮಾತನ್ನು ಚಾಚೂತಪ್ಪದೆ ಪಾಲಿಸಿದ್ದು ಅದೊಂದೇ ಸಲ. ಮಾವ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಸ್ಪ್ಯಾನರ್ ಬಂದಿತ್ತು. ಅಣ್ಣನಿಗೆ ಮೈ, ತಮ್ಮನಿಗೆ ಎರಡು ಗಾಲಿ.

ಡಾಕ್ಟರು ಇದನ್ನೆಲ್ಲ ಕೇಳಿ ಲೊಚಗುಟ್ಟಿದರು. ಸಂಸಾರ ಒಡೆದದ್ದಕ್ಕಲ್ಲ. ಈ ಎಂಜಿನ್ನಿನ ವೇಗ ಅಳೆದು, ಸಿಡಿಯಬೇಕೋ ಸುಮ್ಮನಿರಬೇಕೋ ಎಂದು ತೀರ್ಮಾನಿಸುವ ಗವರ್ನರಿನ ತೂಕಗಳು ಗಾಲಿಯ ಒಳಗೇ ಇರುತ್ತವೆ. ಗಾಲಿ ಇಲ್ಲದಿದ್ದರೆ ಮೈಗೆ ಬುದ್ಧಿಯಿಲ್ಲ. ಬೇರೆ ಗಾಲಿ ತಂದು ಹಾಕಿದರೆ ಅದು ಈ ಎಂಜಿನ್ನೇ ಅಲ್ಲ.

"ಇದನ್ನ ನಂಗೆ ಕೊಟ್ಬಿಡಿ ಯಜಮಾನ್ರೇ. ಹಲ್ಲಿನ ಸೆಟ್ ಪೂರ್ತಿ ನನ್ನ ಲೆಕ್ಕ."

ಯಜಮಾನರು ಯೋಚಿಸಿದರು. ಮೈ ಮನೆಯಾಚೆ ಹೋದರೆ ತಮ್ಮನ ಗಾಲಿಗಳು ಇನ್ನು ಯಾವ ಜನ್ಮಕ್ಕೂ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದು ಅವರಿಗೆ ಹಲ್ಲಿಗಿಂತ ದೊಡ್ಡ ಲಾಭವಾಗಿ ಕಂಡಿತು. "ಗುಲಾಬಿ ಗಿಡ ಬಿಟ್ಟು ಹೋಗಿ," ಎಂದರು.

ಡಾಕ್ಟರು ಆ ಮನೆಯಿಂದ ಹೊರಬಿದ್ದು, ಬೀದಿ ಸುತ್ತಿ, ಅದೇ ಮನೆಯ ಇನ್ನೊಂದು ಬಾಗಿಲು ತಟ್ಟಿದರು. ಅವರು ಬಾಗಿಲು ತಟ್ಟುವುದನ್ನು ಯಜಮಾನರು ಕಿಟಕಿಯಿಂದ ನೋಡಿದರು. ಡಾಕ್ಟರಿಗೂ ಅದು ಕಾಣಿಸಿತು. ಇಬ್ಬರೂ ಕಂಡೂ ಕಾಣದಂತೆ ಇದ್ದುಬಿಟ್ಟರು.

ತಮ್ಮನದು ಮನೆಯಲ್ಲೇ ಸೈಕಲ್ ರಿಪೇರಿ ಅಂಗಡಿ. ಒಂದು ಗಾಲಿಯನ್ನು ಅಂಗಡಿಯಲ್ಲಿ ಇಟ್ಟಿಗೆಯ ಮೇಲೆ ಮಲಗಿಸಿ, ಗಾಜು ಹಾಸಿ, ಗಿರಾಕಿಗಳು ಟೀ ಲೋಟ ಇಡುವ ಮೇಜು ಮಾಡಿದ್ದ. ಇನ್ನೊಂದು, ಗವರ್ನರ್ ಇದ್ದ ಗಾಲಿ, ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒರಗಿ ನಿಂತಿತ್ತು. ಡಾಕ್ಟರು ಬಗ್ಗಿ ಅದರ ತೂಕಗಳನ್ನು ಬೆರಳಿನಿಂದ ತಳ್ಳಿದರು. ತುಕ್ಕು ಹಿಡಿದು ಕಚ್ಚಿಕೊಂಡಿರಬೇಕಿದ್ದ ತೂಕಗಳು ಬೆಣ್ಣೆಯ ಹಾಗೆ ಸರಿದವು. ಬೆರಳಿಗೆ ಹೊಸ ಎಣ್ಣೆ ಅಂಟಿತು.

"ಇದಕ್ಕೆ ಎಣ್ಣೆ ಬಿಡ್ತೀರಾ?"

"ಸೈಕಲ್ಲಿಗೆ ಬಿಡುವಾಗ ಕೈ ತಪ್ಪಿ ಬೀಳುತ್ತೆ," ಎಂದ ತಮ್ಮ. ಸೈಕಲ್ಲುಗಳು ಅಂಗಡಿಯ ಇನ್ನೊಂದು ತುದಿಯಲ್ಲಿದ್ದವು.

ಚೌಕಾಸಿ ಸುಲಭವಾಗಿ ಮುಗಿಯಲಿಲ್ಲ. ತಮ್ಮ ಮೊದಲು ಕೇಳಿದ್ದೇ, "ಆ ಕಡೆಯವರಿಗೆ ಏನ್ ಕೊಟ್ರಿ?"

"ಒಂದು ಸೆಟ್ ಹಲ್ಲು."

"ಪೂರ್ತಿ ಸೆಟ್ಟಾ?"

"ಪೂರ್ತಿ."

"ಹಾಗಾದ್ರೆ ನಂಗೂ ಪೂರ್ತಿ ಸೆಟ್ ಬೇಕು. ಪಾಲು ಅಂದ್ಮೇಲೆ ಸಮ ಇರ್ಬೇಕು."

ಡಾಕ್ಟರು ಅವನ ಬಾಯಿ ತೆರೆಸಿ ನೋಡಿದರು. ಮೂವತ್ತೆರಡೂ ಕಲ್ಲು ಕಡಿಯುವ ಹಾಗಿದ್ದವು. "ನಿಮಗೆ ಎಲ್ಲಾ ಗಟ್ಟಿಯಾಗಿದೆಯಲ್ರೀ!"

"ಅದಕ್ಕೆ ನಾನೇನ್ ಮಾಡ್ಲಿ? ಹಲ್ಲು ಚೆನ್ನಾಗಿ ಇಟ್ಕೊಂಡಿದ್ದಕ್ಕೆ ನಂಗೆ ನಷ್ಟ ಆಗ್ಬೇಕಾ?"

ಕೊನೆಗೆ ತಮ್ಮನ ಅತ್ತೆಗೆ ಒಂದು ಸೆಟ್ಟು ಮಾಡಿಕೊಡುವುದೆಂದು ಒಪ್ಪಂದವಾಯಿತು. ಬೊಚ್ಚುಬಾಯಲ್ಲೇ ಆರಾಮಾಗಿದ್ದ ಆ ಮುದುಕಿಯನ್ನು ಯಾರೂ ಕೇಳಲಿಲ್ಲ.

ಗಾಲಿಗಳನ್ನು ಗಾಡಿಗೆ ಹಾಕುವಾಗ ತಮ್ಮ ತಾನಾಗಿಯೇ ಬಾಯಿಬಿಟ್ಟ. ಅಪ್ಪ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ, ಎಂಜಿನ್ ಒಂದ್ಸಲ ಹಾಕ್ರೋ, ಸದ್ದು ಕೇಳಬೇಕು ಎಂದಿದ್ದರಂತೆ. ಸದ್ದು ಕೂಡದು, ಎದೆಗೆ ಆಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅಣ್ಣ ವೈದ್ಯರ ಮಾತು ಹಿಡಿದ. ತಮ್ಮನೋ ಗಿರಣಿಗೆ ಹೋಗಿ ಗಾಲಿ ಹಿಡಿದುಕೊಂಡು ನಿಂತ. ಅಣ್ಣ ಬಂದರೆ ಎಂಜಿನ್ನು ಏಳುತ್ತಿತ್ತು. ಅವನು ಬರಲಿಲ್ಲ.

"ಸಂಜೆವರೆಗೂ ನಿಂತಿದ್ದೆ. ಆಮೇಲೆ ಅಪ್ಪ ಹೋದ್ರು ಅಂತ ಹೇಳೋಕೆ ಬಂದ," ಎಂದ ತಮ್ಮ. ಹಗ್ಗದ ಗಂಟನ್ನು ಜಗ್ಗಿ ನೋಡಿದ. "ಹುಷಾರು, ಗವರ್ನರ್ ಇರೋ ಕಡೆ ಕೆಳಗೆ ಮಾಡ್ಬೇಡಿ."

ಡಾಕ್ಟರಿಗೆ ಪಾಪವೆನಿಸಿತು. ಆದರೆ ಗಾಲಿ ಸಿಕ್ಕ ಖುಷಿ ಅದಕ್ಕಿಂತ ಜೋರಾಗಿತ್ತು, ಅವರು ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಶೆಡ್ಡಿನ ಮುಖ್ಯ ಬೆಂಚಿನ ಮೇಲೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಡಾಕ್ಟರಿಗೆ ಒಂದು ನೇಮವಿತ್ತು: ಶುಚಿ ಮಾಡಬಹುದು, ಬದಲಾಯಿಸಕೂಡದು. ತೊಟ್ಟಿಯ ಮಣ್ಣನ್ನೂ ಗುಲಾಬಿಯ ಉಳಿದ ಬೇರುಗಳನ್ನೂ ಹಲ್ಲಿನ ಹುಳುಕು ಕೆರೆಯುವ ಕೊಕ್ಕೆಯಿಂದ ಎಳೆ ಎಳೆಯಾಗಿ ತೆಗೆದರು. ಪೆಟ್ರೋಲ್ ಹೋಗುವ ಸಣ್ಣ ರಂಧ್ರಗಳಲ್ಲಿ, ಹಲ್ಲಿನ ಬೇರಿನ ನರ ತೆಗೆಯುವ ಸೂಜಿ ಆಡಿಸಿದರು. ಬಣ್ಣ ಮುಕ್ಕಾಲು ಪಾಲು ಹೋಗಿತ್ತು, ಉಳಿದ ಹಸಿರನ್ನು ಹತ್ತಿಯಲ್ಲಿ ಒರೆಸಿ ಹಾಗೇ ಬಿಟ್ಟರು. ಹೊಸ ಬಣ್ಣ ಹೊಡೆದರೆ ಫಳಫಳ ಅನ್ನುತ್ತದೆ ಎಂದ ಪಕ್ಕದ ಮನೆಯವರೊಂದಿಗೆ ಕೆಲವು ದಿನ ಮಾತು ಬಿಟ್ಟರು. ಮೈಯ ಅಚ್ಚಿನ ತುದಿಯಲ್ಲಿ ಕೊರೆದಿದ್ದ ಸಂಖ್ಯೆಯೂ ಗಾಲಿಯ ಮೇಲಿನ ಸಂಖ್ಯೆಯೂ ಒಂದೇ ಎಂದು ಕಂಡ ದಿನ ಹೆಂಡತಿಯನ್ನು ಅಡುಗೆಮನೆಯಿಂದ ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದರು.

"ಒಂದೇ ನಂಬರ್ ಇರ್ಲೇಬೇಕಲ್ವಾ? ಒಂದೇ ಎಂಜಿನ್ ತಾನೇ?" ಎಂದರು ಆಕೆ.

ಡಾಕ್ಟರು ಮತ್ತೆ ಗಾಲಿ ಒರೆಸತೊಡಗಿದರು. ಕೆಲವರಿಗೆ ಕೆಲವು ಸಂತೋಷಗಳನ್ನು ತಿಳಿಸಿಹೇಳಲು ಆಗುವುದಿಲ್ಲ.

ಲೇತ್ ಕೆಲಸದವನು ಬಂದು ಸಿಲಿಂಡರಿನೊಳಗೆ ಬೆಳಕು ಹಾಯಿಸಿ ನೋಡಿದ. ಪಿಸ್ಟನ್ನಿನ ರಿಂಗುಗಳು ಸವೆದಿವೆ, ಒತ್ತಡ ನಿಲ್ಲುವುದಿಲ್ಲ, ಹೊಸದು ಮಾಡಿಕೊಡುತ್ತೇನೆ ಎಂದ. ಡಾಕ್ಟರು ಬೇಡವೆಂದರು. ಸವೆದರೂ ಅವು ಅದರ ಸ್ವಂತದವು.

"ಊರವರದ್ದೆಲ್ಲ ಕಿತ್ತು ಕಟ್ಟುಹಲ್ಲು ಕೂರಿಸ್ತೀರಿ. ಈ ಕಬ್ಬಿಣಕ್ಕೆ ಮಾತ್ರ ಸ್ವಂತ ಹಲ್ಲೇ ಇರ್ಬೇಕು," ಎಂದರು ಹೆಂಡತಿ.

ಗಾಲಿಗಳನ್ನು ಮೈಗೆ ಕೂರಿಸಿದ್ದಾಯಿತು. ಎಂಜಿನ್ನು ಇಡಿಯಾಗಿ ನಿಂತಿತು. ಇನ್ನು ಅದು ಓಡಬೇಕು. ಡಾಕ್ಟರಿಗೆ ಆ ಮೊದಲ ಸದ್ದಿನ ಆಸೆ ಎಷ್ಟಿತ್ತೆಂದರೆ, ರೋಗಿಗಳ ಬಾಯಲ್ಲಿ ಕೈಯಿಟ್ಟಾಗಲೂ ಕಿವಿಯಲ್ಲಿ ಅದೇ ಢಂ ಕೇಳುತ್ತಿತ್ತು. ಮೂವತ್ತೈದು ವರ್ಷಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಅವರ ಮುಂದೆ ಖುಷಿಯಿಂದ ಬಾಯಿ ತೆರೆದಿರಲಿಲ್ಲ. ಬರುವವರೆಲ್ಲ ಬೆವರುತ್ತ ಬಂದು ಓಡಿಹೋಗುತ್ತಿದ್ದರು. ಇದೊಂದಾದರೂ ತಮ್ಮ ಕೈಯಲ್ಲಿ ಉಸಿರಾಡಲಿ, ಆ ಗಳಿಗೆಯಲ್ಲಿ ತಾವು ಪಕ್ಕದಲ್ಲಿರಬೇಕು ಎಂಬುದು ಅವರ ಬಯಕೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಂಜಿನ್ನು ಏಳಲಿಲ್ಲ. ಡಾಕ್ಟರು ಗಾಲಿ ಸುತ್ತಿ ಸುತ್ತಿ ತೋಳು ಬಾವು ಬರಿಸಿಕೊಂಡರು. ಹೆಂಡತಿ ಒಂದು ಬೆಳಿಗ್ಗೆ ಸಹಾಯಕ್ಕೆ ಬಂದು, ಬೆರಳು ಜಜ್ಜಿಸಿಕೊಂಡು, ಅಲ್ಲೇ ರಾಜೀನಾಮೆ ಕೊಟ್ಟರು. ಮೋಟಾರಿಗೆ ಬೆಲ್ಟ್ ಕಟ್ಟಿ ಎಳೆಸಿದರೆ ಎದ್ದೀತು ಎಂದು ಲೇತಿನವನು ಹೇಳಿದ. ಡಾಕ್ಟರಿಗೆ ಅದು ಸರಿಬರಲಿಲ್ಲ, ಎಳೆಸಿಕೊಂಡು ಓಡುವುದು ಓಟವಲ್ಲ ಎಂದರು. ಬೇರೆ ದಾರಿ ಕಾಣದೆ ಯಜಮಾನರ ಮನೆಗೆ ಹೋದರು. ಯಜಮಾನರು ಹೊಸ ಹಲ್ಲಿನಲ್ಲಿ ಏನನ್ನೋ ಕಟುಂ ಎಂದು ಕಡಿಯುತ್ತ ಕೂತಿದ್ದರು.

"ನಿಮ್ಮ ತಂದೆಯವ್ರು ಹೇಗೆ ಸ್ಟಾರ್ಟ್ ಮಾಡ್ತಿದ್ರು?"

"ಅಪ್ಪ ಮಾಡ್ತಿರ್ಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೋಗೋ ಮುಂಚೆ ನಾವೇ ಮಾಡ್ತಿದ್ವಿ."

"ನಾವು ಅಂದ್ರೆ?"

"ನಾನು," ಎಂದರು ಯಜಮಾನರು. ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು. "ಮತ್ತೆ ಇನ್ನೊಬ್ಬ."

ಕ್ರಮ ಹೀಗಿತ್ತು. ಒಬ್ಬ ಸಿಲಿಂಡರಿನ ಕಡೆ ಕೂತು ಗಾಳಿ ಹೋಗುವ ಬಾಯನ್ನು ಅಂಗೈಯಿಂದ ಮುಚ್ಚಬೇಕು. ಇನ್ನೊಬ್ಬ ಆಚೆ ನಿಂತು ಗಾಲಿ ತಿರುಗಿಸಿ ಪೆಟ್ರೋಲನ್ನು ಒಳಗೆಳೆಸಬೇಕು. ಬಳಿಕ ಗಾಲಿಯನ್ನು ಹಿಂದಕ್ಕೆ ತಿರುವಿ, ಒಳಗಿನ ಒತ್ತಡದ ಎದುರು ಬಿಗಿಹಿಡಿದು ನಿಲ್ಲಬೇಕು. ಆಗ ಮೊದಲನೆಯವನು ಕಿಡಿ ಹೊತ್ತಿಸುವ ಪುಟ್ಟ ಲಿವರನ್ನು ಬೆರಳಲ್ಲಿ ತಟ್ಟುತ್ತಾನೆ. ತಟ್ಟುವ ಅದೇ ಗಳಿಗೆಗೆ ಇವನು ಗಾಲಿ ಬಿಡಬೇಕು. ಮೊದಲೇ ಬಿಟ್ಟರೆ ಸವೆದ ರಿಂಗಿನಿಂದ ಒತ್ತಡ ಸೋರಿಹೋಗುತ್ತದೆ, ತಡವಾಗಿ ಬಿಟ್ಟರೆ ಗಾಲಿ ಕೈಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ನಡುವೆ ನೀರಿನ ತೊಟ್ಟಿ ಇರುವುದರಿಂದ ಒಬ್ಬನ ಕೈ ಇನ್ನೊಬ್ಬನಿಗೆ ಕಾಣುವುದಿಲ್ಲ.

"ಅದಕ್ಕೇ ನಾನು ಬಿಡು ಅಂತ ಕೂಗ್ತಿದ್ದೆ," ಎಂದರು ಯಜಮಾನರು.

ಇಬ್ಬರನ್ನೂ ಶೆಡ್ಡಿಗೆ ಬರಮಾಡಲು ಡಾಕ್ಟರು ಪಟ್ಟ ಪಾಡು ಅವರಿಗೇ ಗೊತ್ತು. ಅಣ್ಣನಿಗೆ, ನಿಮ್ಮ ತಮ್ಮ ಬಂದರೂ ನಿಮ್ಮ ಹತ್ತಿರ ಮಾತಾಡುವುದಿಲ್ಲ ಎಂದು ಭಾಷೆ ಕೊಟ್ಟರು. ತಮ್ಮನಿಗೂ ಅದೇ ಭಾಷೆ ಕೊಟ್ಟರು. ಅಷ್ಟಾದ ಮೇಲೆ ಇಬ್ಬರೂ ಒಪ್ಪಿದರು.

ಆ ಭಾನುವಾರ ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕೆಲಸದ ಬಟ್ಟೆಯಲ್ಲೇ ತಮ್ಮ ಬಂದ. ಎಂಜಿನ್ನನ್ನು ನೋಡಿದ್ದೇ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ತಮ್ಮ ಹೋಗಿ ಗಾಲಿಯನ್ನು ಮುಟ್ಟಿದ. ಅಣ್ಣ ತೊಟ್ಟಿಯೊಳಗೆ ಇಣುಕಿದ, ಗುಲಾಬಿ ಇರಬಹುದೆಂಬಂತೆ. ಪರಸ್ಪರ ಮುಖ ನೋಡಲಿಲ್ಲ. ಅಣ್ಣ ಸಿಲಿಂಡರಿನ ಕಡೆ ಸ್ಟೂಲಿನ ಮೇಲೆ ಕೂತ, ತಮ್ಮ ಆಚೆ ಗಾಲಿ ಹಿಡಿದು ನಿಂತ, ನಡುವೆ ಡಾಕ್ಟರು ನಿಂತರು. ಪೆಟ್ರೋಲ್ ಒಂದು ಲೋಟದಷ್ಟೇ ಹಾಕಿದ್ದರು, ಹುಷಾರಿಗೆ.

"ಡಾಕ್ಟ್ರೇ, ಅವನಿಗೆ ಹೇಳಿ, ಒಂದು ಸುತ್ತು ತಿರುಗಿಸೋಕೆ."

"ಒಂದು ಸುತ್ತು ತಿರುಗಿಸ್ಬೇಕಂತೆ," ಎಂದರು ಡಾಕ್ಟರು.

"ಅವರಿಗೆ ಹೇಳಿ, ಆಯ್ತು ಅಂತ."

"ಆಯ್ತಂತೆ."

"ಹಿಂದಕ್ಕೆ ತಂದು ಹಿಡಿಯೋಕೆ ಹೇಳಿ."

"ಹಿಂದಕ್ಕೆ ತಂದು ಹಿಡೀಬೇಕಂತೆ."

"ಹಿಡಿದೇ ಇದೀನಿ ಅಂತ ಹೇಳಿ."

"ಹಿಡಿದೇ ಇದಾರಂತೆ."

"ಬಿಡೋಕೆ ಹೇಳಿ!" ಎಂದು ಅಣ್ಣ ಕಿಡಿ ತಟ್ಟಿದ. ಡಾಕ್ಟರು ತಿರುಗಿ, "ಬಿಡ್ಬೇಕಂತೆ!" ಎಂದರು. ತಮ್ಮ ಬಿಟ್ಟ. ಕಿಡಿ ಬಿದ್ದಾಗ ಕೈ ಇನ್ನೂ ಗಾಲಿಯ ಮೇಲಿತ್ತು, ಗಾಲಿ ಅವನ ತೋಳನ್ನು ಭುಜದವರೆಗೆ ಜಾಡಿಸಿ ಫುಸ್ಸೆಂದು ನಿಂತಿತು.

"ಅವರಿಗೆ ಹೇಳಿ," ಎಂದ ತಮ್ಮ ಮೊಣಕೈ ಉಜ್ಜಿಕೊಳ್ಳುತ್ತ, "ಕೈ ಮುರಿಯೋ ಯೋಚನೆ ಇದ್ರೆ ಮೊದಲೇ ತಿಳಿಸ್ಬೇಕಿತ್ತು ಅಂತ."

"ಅವನಿಗೆ ಹೇಳಿ, ಹೇಳಿದ ತಕ್ಷಣ ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ ಅಂತ."

ಇನ್ನೊಂದು ಸಲ ನೋಡಿದರು. ಈ ಸಲ ಅಣ್ಣ ಜಾಣತನ ಮಾಡಿ, ಮೊದಲು ಮಾತು ಕಳಿಸಿ ಆಮೇಲೆ ತಟ್ಟಿದ. ತಮ್ಮ ಬೇಗ ಬಿಟ್ಟ, ಒತ್ತಡ ಸೋರಿಹೋಯಿತು, ಎಂಜಿನ್ನು ಸೀನುವ ಹಾಗೆ ಒಂದು ಸದ್ದು ಮಾಡಿತು. ಮಾತು ಡಾಕ್ಟರ ಬಾಯಿಂದ ಸುತ್ತಿಕೊಂಡು ಹೋಗುವಷ್ಟು ಹೊತ್ತು ಆ ರಿಂಗುಗಳು ತಡೆಯುತ್ತಿರಲಿಲ್ಲ. ಡಾಕ್ಟರು ಬೇಗ ಬೇಗ ಹೇಳಿ ನೋಡಿದರು. 'ಅಂತೆ' ಬಿಟ್ಟು ಹೇಳಿ ನೋಡಿದರು. ಅಣ್ಣನ ತುಟಿ ನೋಡಿಕೊಂಡು, ಅವನಿಗಿಂತ ಮೊದಲೇ ಹೇಳಲು ಹೋಗಿ ಎಲ್ಲ ಎಡವಟ್ಟಾಯಿತು. ನೇರವಾಗಿ ಒಂದೇ ಒಂದು ಮಾತು ಕೂಗಿ ಎಂದು ಕೈಮುಗಿದು ಕೇಳಿಕೊಂಡರು.

"ಡಾಕ್ಟ್ರೇ, ನೀವು ಭಾಷೆ ಕೊಟ್ಟಿದೀರಿ," ಎಂದ ಅಣ್ಣ.

"ನಂಗೂ ಕೊಟ್ಟಿದಾರೆ ಅಂತ ಹೇಳಿ," ಎಂದ ತಮ್ಮ.

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದರು. "ರೀ, ಲಾರಿ ಡ್ರೈವರ್ ಒಬ್ರು ಬಂದಿದಾರೆ. ಕೆನ್ನೆ ಇಷ್ಟು ಊದಿದೆ."

"ಇವತ್ತು ಭಾನುವಾರ. ಸ್ವಲ್ಪ ಕೂರೋಕೆ ಹೇಳು."

"ಕೂರೋಕೇ ಆಗ್ತಿಲ್ಲ ಪಾಪ. ನಿಂತು ನಿಂತು ಗೋಡೆಗೆ ಹಣೆ ಒತ್ಕೊಳ್ತಿದಾರೆ."

ಡಾಕ್ಟರು ಎಂಜಿನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ನಾನು ಬರೋ ತನಕ ಯಾರೂ ಏನೂ ಮುಟ್ಟಬೇಡಿ," ಎಂದು ಇಬ್ಬರಿಗೂ ಒಟ್ಟಿಗೇ ಹೇಳಿ ಒಳಗೆ ಹೋದರು.

ಡ್ರೈವರಿನ ದವಡೆ ಹಲ್ಲು ಪೂರ್ತಿ ಕೊಳೆತಿತ್ತು. ಸೂಜಿ ಕೊಟ್ಟು, ಮರಗಟ್ಟುವವರೆಗೆ ಕಾಯುತ್ತ, ಡಾಕ್ಟರು ಶೆಡ್ಡಿನ ಕಡೆಗೆ ಕಿವಿಯಿಟ್ಟರು. ಏನೂ ಸದ್ದಿಲ್ಲ. ಇಬ್ಬರೂ ಆ ಕಡೆ ಈ ಕಡೆ ಮುಖ ತಿರುಗಿಸಿಕೊಂಡು ಕೂತಿರಬೇಕು, ಪುಣ್ಯಾತ್ಮರು, ಎಂದುಕೊಂಡರು. ಇನ್ನು ಲೇತಿನವನ ಬೆಲ್ಟಿಗೆ ಮಣಿಯುವುದೇ ಗತಿ ಎಂದು ಮನಸ್ಸು ಸಣ್ಣದಾಯಿತು. ಇಕ್ಕಳ ಹಾಕಿ ಹಲ್ಲನ್ನು ಅಲುಗಿಸಿ ಸಡಿಲ ಮಾಡಿದರು. ಅರ್ಧ ಮೇಲೆ ಬಂತು.

ಆಗ ಶೆಡ್ಡಿನಿಂದ ಅಣ್ಣನ ದನಿ ಕೇಳಿತು. ಅದು ಎಪ್ಪತ್ತರ ಯಜಮಾನರ ದನಿಯಂತಿರಲಿಲ್ಲ.

"ಬಿಡೋ!"

ಢಂ.

ಡಾಕ್ಟರ ಕೈ ನಿಂತಿತು. ಕಪಾಟಿನ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಫಸ್, ಫಸ್, ಫಸ್ ಎಂಬ ಉಸಿರು ಕೇಳಿತು. ಇಷ್ಟೇ ಇರಬೇಕು, ನಿಂತೇಹೋಯಿತು ಎಂದುಕೊಂಡರು. ಮತ್ತೆ ಢಂ ಎಂದಿತು. ಎಂಜಿನ್ನು ಓಡುತ್ತಿತ್ತು. ಅವರು ಎಲ್ಲವನ್ನೂ ಕೂರಿಸಿ, ಒರೆಸಿ, ಕಾದು ಕಾದು ಕೂತಿದ್ದ ಆ ಗಳಿಗೆ, ಅವರು ಪರರ ಬಾಯಲ್ಲಿ ಇಕ್ಕಳ ಹಿಡಿದು ನಿಂತಿದ್ದಾಗ ಬಂದು ಹೋಯಿತು.

"ಆಂ?" ಎಂದ ಡ್ರೈವರ್, ಕಣ್ಣರಳಿಸಿ.

"ಅಲ್ಲಾಡಬೇಡಿ," ಎಂದರು ಡಾಕ್ಟರು. ತಮಗಾಗುತ್ತಿರುವುದು ಖುಷಿಯೋ ಹೊಟ್ಟೆಕಿಚ್ಚೋ ಅವರಿಗೇ ತಿಳಿಯಲಿಲ್ಲ. ಎರಡೂ ಇದ್ದವು, ಸಮಪಾಲು. ಬಿಟ್ಟು ಓಡೋಣವೆಂದರೆ ಹಲ್ಲು ಅರ್ಧಕ್ಕೆ ನಿಂತಿತ್ತು. ಅವರು ಅದನ್ನು ಪೂರ್ತಿ ಕಿತ್ತರು, ಹತ್ತಿ ಇಟ್ಟರು, ಕಚ್ಚಿಹಿಡಿಯಲು ಹೇಳಿದರು, ಯಾವ ಮಾತ್ರೆ ಯಾವಾಗ ಎಂದು ವಿವರಿಸಿದರು, ಒಂದನ್ನೂ ಅವಸರ ಮಾಡಲಿಲ್ಲ. ಆಮೇಲೆ ಕೈ ತೊಳೆಯುವುದನ್ನೂ ಮರೆತು ಶೆಡ್ಡಿಗೆ ನಡೆದರು.

ಶೆಡ್ಡಿನಲ್ಲಿ ನೀಲಿ ಹೊಗೆ ತುಂಬಿತ್ತು. ಗಾಲಿಗಳು ತಿರುಗುತ್ತಿದ್ದವು. ತಮ್ಮ ಒಂದು ಕಾಲನ್ನು ಇಟ್ಟಿಗೆಯ ಮೇಲಿಟ್ಟು ಗವರ್ನರಿನ ಕಡೆ ಬಗ್ಗಿದ್ದ. ಅಣ್ಣ ಸ್ಟೂಲನ್ನು ಎತ್ತಿ ಆಚೆ ಕಡೆಗೇ ತಂದು, ತಮ್ಮನ ಪಕ್ಕದಲ್ಲಿ ಹಾಕಿಕೊಂಡು ಕೂತಿದ್ದ. ಇಸ್ತ್ರಿ ಅಂಗಿಯ ತುಂಬ ಎಣ್ಣೆಯ ಚುಕ್ಕೆಗಳಿದ್ದವು.

"ನಾನು ಅವತ್ತು ಬರ್ಬೇಕಿತ್ತು ಕಣೋ," ಎನ್ನುತ್ತಿದ್ದ ಅಣ್ಣ. ಎಂಜಿನ್ನಿನ ಸದ್ದಿಗೆ ಅದನ್ನು ಕೂಗಿಯೇ ಹೇಳಬೇಕಾಗಿತ್ತು. "ಅಪ್ಪನಿಗೆ ಒಂದ್ಸಲ ಕೇಳಿಸ್ಬೇಕಿತ್ತು."

ಎಂಜಿನ್ನು ಎರಡು ಸಲ ಸಿಡಿಯಿತು.

"ಹೂಂ," ಎಂದ ತಮ್ಮ. ತೋಳಿನಿಂದ ಮುಖ ಒರೆಸಿಕೊಂಡ. "ಎಣ್ಣೆ ಜಾಸ್ತಿ ಬೀಳ್ತಿದೆ ನೋಡಣ್ಣ, ಸ್ವಲ್ಪ ತಿರುಪು."

ಅಣ್ಣ ಎಣ್ಣೆಯ ತಿರುಪನ್ನು ಬಿಗಿ ಮಾಡಿದ. ಬಾಗಿಲಲ್ಲಿ ನಿಂತ ಡಾಕ್ಟರು ಅವನ ಕಣ್ಣಿಗೆ ಬಿದ್ದರು. ಅವರನ್ನು ನೋಡಿಯೂ, ಅವನು ತಮ್ಮನ ಕಡೆಗೇ ತಿರುಗಿದ.

"ಡಾಕ್ಟ್ರಿಗೆ ಹೇಳೋ, ಬಾಗಿಲು ಬಿಟ್ಟು ನಿಲ್ಲೋಕೆ. ಹೊಗೆ ಹೊರಗೆ ಹೋಗ್ತಿಲ್ಲ."

"ಸ್ವಲ್ಪ ಈಚೆ ನಿಲ್ಬೇಕಂತೆ ಡಾಕ್ಟ್ರೇ," ಎಂದ ತಮ್ಮ.

ಡಾಕ್ಟರು ಈಚೆ ನಿಂತರು. ಅವರ ನಾಲ್ಕೂ ಹಳೆಯ ಎಂಜಿನ್ನುಗಳು ಬಟ್ಟೆ ಹೊದ್ದು ಮೂಲೆಯಲ್ಲಿದ್ದವು. ಬೇಕೆಂದಾಗ ಒಂದೇ ಸುತ್ತಿನಲ್ಲಿ ಏಳುವಂಥವು, ಯಾರ ಹಂಗೂ ಇಲ್ಲದವು. ಇದು ಮಾತ್ರ, ಇದನ್ನು ಕಿತ್ತು ಹಂಚಿಕೊಂಡ ಇಬ್ಬರು ಬಂದು ಪರಸ್ಪರ ಕೂಗಿದ ಹೊರತು ಇನ್ನು ಮುಂದೆಯೂ ಏಳುವುದಿಲ್ಲ. ಹೊಸ ರಿಂಗು ಹಾಕಿಸಿದರೆ ತಾವೊಬ್ಬರೇ ಎಬ್ಬಿಸಬಹುದು ಎಂಬುದು ಅವರಿಗೆ ಗೊತ್ತಿತ್ತು. ನಾಳೆ ಲೇತಿನವನು ಸಿಕ್ಕರೆ ಆ ಮಾತೇ ಎತ್ತಬಾರದು ಎಂದುಕೊಂಡರು.

ಎಂಜಿನ್ನಿನ ಸದ್ದು ಸ್ವಲ್ಪ ತೆಳ್ಳಗಾಯಿತು. ಡಾಕ್ಟರು ಹಾಕಿದ್ದು ಒಂದೇ ಲೋಟ ಪೆಟ್ರೋಲ್. ಅಣ್ಣತಮ್ಮಂದಿರಿಗೆ ಅದು ಗೊತ್ತಿರಲಿಲ್ಲ, ಅಪ್ಪನ ಕಾಲದಲ್ಲಿ ಟ್ಯಾಂಕು ತುಂಬಿರುತ್ತಿತ್ತು. ಅವರು ಮೈಮರೆತು ಮಾತಾಡುತ್ತಿದ್ದರು, ಮಾವ ಚಪ್ಪಲಿ ಮೆಟ್ಟಿದ್ದು, ಗುಲಾಬಿ, ಅತ್ತೆಯ ಹಲ್ಲಿನ ಸೆಟ್ಟು. ಡಾಕ್ಟರು ಪೆಟ್ರೋಲ್ ಡಬ್ಬಿಗಾಗಿ ಮನೆಯ ಕಡೆಗೆ ಓಡಿದರು.

"ಸ್ಟಾರ್ಟ್ ಆಯ್ತಲ್ಲ! ನೀವು ನೋಡಿದ್ರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದರು.

"ಇಲ್ಲ ಕಣೇ," ಎಂದರು ಡಾಕ್ಟರು, ಡಬ್ಬಿ ಎತ್ತಿಕೊಂಡು. "ದಾರಿ ಬಿಡು, ನಿಂತೋಗುತ್ತೆ."